ಮೂವರು ಬಂದರಲ್ಲ, ಅಲ್ಲಿಂದಲೇ ಶುರುಮಾಡಿ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ತಾಲ್ಲೂಕು ಊರೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಉಪನ್ಯಾಸಕಿ. ಈ ವರ್ಷ ಎನ್.ಎಸ್.ಎಸ್. (ರಾಷ್ಟ್ರೀಯ ಸೇವಾ ಯೋಜನೆ) ಜವಾಬ್ದಾರಿ ನನ್ನ ಪಾಲಿಗೆ ಬಂದಿದೆ. ಅಕ್ಟೋಬರ್ 2ರಂದು 45 ವಿದ್ಯಾರ್ಥಿಗಳನ್ನು ಊರಿನ ವೃದ್ಧಾಶ್ರಮಕ್ಕೆ ಕರೆದೊಯ್ದೆ. ಹಣ್ಣು ಹಂಚಿದರು, ಹಾಡು ಹೇಳಿದರು, ಖುಷಿಯಾಗಿಯೇ ಇದ್ದರು. ಎರಡು ವಾರ ಬಿಟ್ಟು ಮತ್ತೆ ಹೋಗೋಣವೆಂದರೆ ಬಂದವರು ಮೂವರು. ಸಾಲದ್ದಕ್ಕೆ ಆಶ್ರಮದ ಮ್ಯಾನೇಜರ್, "ಹಣ್ಣ ಬೇಕಾದ್ರ ಕಳಿಸ್ರಿ ಮೇಡಮ್ಮಾರ, ಹುಡುಗ್ರನ್ನ ಮಾತ್ರ ಬ್ಯಾಡ್ರಿ" ಎಂದುಬಿಟ್ಟರು. ನಮ್ಮ ಪ್ರಿನ್ಸಿಪಾಲರು ಕಡ್ಡಾಯ ಮಾಡಿ ಇಂಟರ್ನಲ್ ಅಂಕ ಕೊಟ್ಟುಬಿಡೋಣ ಅನ್ನುತ್ತಾರೆ. ಈಗಿನ ಮಕ್ಕಳಲ್ಲಿ ಸೇವಾ ಮನೋಭಾವವೇ ಇಲ್ಲವೇ? ಅವರನ್ನು ಹುರಿದುಂಬಿಸುವುದು ಹೇಗೆ?

ಉತ್ತರ: ಮೊದಲು ಆ ಮ್ಯಾನೇಜರರ ಪರವಾಗಿ ಎರಡು ಮಾತು. ಇಪ್ಪತ್ತೈದು ಮೂವತ್ತು ಹಿರಿಯರಿರುವ ಮನೆಗೆ 45 ಮಕ್ಕಳು ಒಮ್ಮೆಲೇ ನುಗ್ಗಿದರೆ ಮಧ್ಯಾಹ್ನದ ನಿದ್ದೆ ಹೋಯಿತು. ಅಡುಗೆಯಾಕೆ ರಾತ್ರಿಯ ಪಲ್ಯ ಬಿಟ್ಟು ಅಷ್ಟೂ ಜನಕ್ಕೆ ಚಹಾ ಕಾಸಲು ನಿಲ್ಲಬೇಕು. ಸಕ್ಕರೆ ಕಾಯಿಲೆಯ ಅಜ್ಜ ಯಾರದೋ ಒತ್ತಾಯಕ್ಕೆ ಎರಡು ಬಾಳೆಹಣ್ಣು ತಿಂದಿರುತ್ತಾರೆ. ಒಂದೇ ಸೇಬನ್ನು ಒಬ್ಬ ಅಜ್ಜಿಗೆ ಆರು ಜನ ಆರು ಸಲ ಕೊಟ್ಟು ಫೋಟೊ ತೆಗೆಸಿಕೊಂಡಿರುತ್ತಾರೆ. ಎಲ್ಲರೂ ಹೋದ ಮೇಲೆ "ಹಾಡು ಹೇಳಿದ ಆ ಹುಡುಗಿ ಮತ್ತ ಯಾವಾಗ ಬರ್ತಾಳ?" ಎಂದು ಕೇಳುವವರಿಗೆ ಉತ್ತರ ಕೊಡಬೇಕಾದವರು ಅವರೊಬ್ಬರೇ. ನಿಮ್ಮ ಪತ್ರದಲ್ಲಿ ಅತ್ಯಂತ ಪ್ರಾಮಾಣಿಕ ಮಾತು ಅವರದು.

ನಾನು ಹೇಳುವುದು ಮೇಲೆ ಕೂತು ಅಲ್ಲ. ಹದಿನಾಲ್ಕು ವರ್ಷ ನಿಮ್ಮ ಹಾಗೆ ಕಾರ್ಯಕ್ರಮಾಧಿಕಾರಿಯಾಗಿದ್ದೆ. ನಿವೃತ್ತಿಯಾದ ಮೇಲೆ ಆಚೆ ಬದಿಗೆ ಹೋಗಿ, ಒಂದು ಸಣ್ಣ ಟ್ರಸ್ಟಿಗೆ ಬರುವ ಹುಡುಗ ಹುಡುಗಿಯರನ್ನು ನೋಡಿಕೊಳ್ಳುತ್ತಿದ್ದೇನೆ. ನನ್ನ ಮೊದಲ ವರ್ಷ ಎರಡು ಬಸ್ಸು ತುಂಬ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ವಿಶೇಷ ಮಕ್ಕಳ ವಸತಿ ಶಾಲೆಯೊಂದಕ್ಕೆ ಹೋಗಿದ್ದೆ. ನಮ್ಮ ಗದ್ದಲಕ್ಕೆ ಹೆದರಿದ ಒಬ್ಬ ಹುಡುಗ ಮಂಚದ ಕೆಳಗೆ ಸೇರಿಕೊಂಡವನು ನಾವು ಹೊರಡುವ ತನಕ ಹೊರಗೆ ಬರಲಿಲ್ಲ. ಅಂದಿನ ವರದಿಯಲ್ಲಿ "ಮಕ್ಕಳು ಸಂತೋಷದಿಂದ ನಲಿದಾಡಿದರು" ಎಂದು ಬರೆದವನು ನಾನೇ.

ಇನ್ನು ಸೇವಾ ಮನೋಭಾವ ಇದೆಯೇ ಇಲ್ಲವೇ ಎಂಬ ಪ್ರಶ್ನೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಒಮ್ಮೆ ಹೋಗಿ ಬನ್ನಿ. ಊರೂರಿನಿಂದ ಟ್ರ್ಯಾಕ್ಟರುಗಳಲ್ಲಿ ರೊಟ್ಟಿ ಬಂದು ಬೀಳುತ್ತದೆ, ದಾಸೋಹದಲ್ಲಿ ಬಡಿಸಲು ಹದಿಹರೆಯದ ಹುಡುಗರ ದಂಡೇ ನಿಂತಿರುತ್ತದೆ. ಅಷ್ಟು ದೂರ ಬೇಡ, ನಿಮ್ಮ ಹಿಂದಿನ ಬೆಂಚಿನ ಹುಡುಗರೇ ತಮ್ಮ ಊರ ಜಾತ್ರೆಯಲ್ಲಿ ಸಾಂಬಾರಿನ ಬಕೆಟ್ ಹಿಡಿದು ನಡುರಾತ್ರಿಯವರೆಗೆ ಪಂಕ್ತಿಯಲ್ಲಿ ಓಡಾಡುವವರು. ಅವರಿಗೆ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ, ಪ್ರೇರಣಾ ಭಾಷಣ ಮಾಡುವುದಿಲ್ಲ. ಅಲ್ಲಿ ಕೈಯಲ್ಲಿ ಬಕೆಟ್ ಇದೆ, ಎದುರಿಗೆ ಸಾಲು ಇದೆ, ಪಕ್ಕದಲ್ಲಿ ಗೆಳೆಯ ಇದ್ದಾನೆ, ಹೆಸರು ಹಿಡಿದು ಗದರಿಸುವ ಹಿರಿಯರೊಬ್ಬರಿದ್ದಾರೆ. ತಾನು ಬರದಿದ್ದರೆ ಒಂದು ಪಂಕ್ತಿಗೆ ಸಾರು ತಡವಾಗುತ್ತದೆ ಎಂದು ಅವನಿಗೆ ಗೊತ್ತು. ನಿಮ್ಮ ಅಕ್ಟೋಬರ್ 2ರ ಕಾರ್ಯಕ್ರಮಕ್ಕೆ 45ರಲ್ಲಿ ಒಬ್ಬ ಬಾರದಿದ್ದರೆ ಯಾರಿಗೆ ತಿಳಿಯುತ್ತಿತ್ತು? ಬಾರದಿದ್ದರೂ ನಡೆಯುವ ಕೆಲಸಕ್ಕೆ ಎರಡನೇ ಸಲ ಬರಬೇಕೆಂದು ಯಾರಿಗೂ ಅನಿಸುವುದಿಲ್ಲ. ನಿಮ್ಮ ಮಕ್ಕಳಿಗೆ ಮನಸ್ಸಿದೆ. ಅವರ ಕೈಗೆ ಬಕೆಟ್ ಸಿಕ್ಕಿಲ್ಲ ಅಷ್ಟೆ.

ಅದನ್ನು ಹುಡುಕುವುದೇ ನಿಮ್ಮ ಮೊದಲ ಕೆಲಸ. ವಿದ್ಯಾರ್ಥಿಗಳನ್ನು ಬಿಟ್ಟು ನೀವೊಬ್ಬರೇ, ಯಾವ ಹಬ್ಬವೂ ಜಯಂತಿಯೂ ಇಲ್ಲದ ಒಂದು ಮಂಗಳವಾರ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಆಶ್ರಮದಲ್ಲಿ ಕೂತುಬನ್ನಿ. "ಏನು ಸಹಾಯ ಬೇಕು?" ಎಂದು ಮಾತ್ರ ಕೇಳಬೇಡಿ, ಫ್ರಿಜ್ ಕೊಡಿಸಿ ಅನ್ನುತ್ತಾರೆ, ತಪ್ಪೇನಿಲ್ಲ. "ಹೋದ ತಿಂಗಳು ಮಾಡಬೇಕು ಅಂದುಕೊಂಡು ಆಗದೇ ಉಳಿದ ಕೆಲಸ ಯಾವುದು?" ಎಂದು ಕೇಳಿ. ಆಗ ಬೀರುವಿನ ಬಾಗಿಲು ತೆರೆಯುತ್ತದೆ.

ಆ ಬೀರುವಿನೊಳಗೆ ಬಹುತೇಕ ರಸೀದಿ ಪುಸ್ತಕಗಳಿರುತ್ತವೆ. ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ ಅನುಮತಿ (80ಜಿ) ಪಡೆದ ಟ್ರಸ್ಟು ಯಾವ ದಾನಿ ಎಷ್ಟು ಕೊಟ್ಟರು, ಅವರ ಪ್ಯಾನ್ ಏನು ಎಂಬ ಪಟ್ಟಿಯನ್ನು ಪ್ರತಿವರ್ಷ ಆದಾಯ ತೆರಿಗೆ ಇಲಾಖೆಗೆ ಒಪ್ಪಿಸಬೇಕು. ಇಲ್ಲದಿದ್ದರೆ ದಾನಿಗೆ ರಿಯಾಯಿತಿ ಸಿಗುವುದಿಲ್ಲ, ಮುಂದಿನ ವರ್ಷ ಅವರು ಕೊಡುವುದೂ ಇಲ್ಲ. ಸಣ್ಣ ಊರಿನ ಆಶ್ರಮದಲ್ಲಿ ಈ ಕೆಲಸ ಕೊನೆಯ ವಾರದವರೆಗೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ನಿಮ್ಮ ಬಿ.ಕಾಂ. ತರಗತಿಯಲ್ಲಿ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್ ಕಲಿತು, ನಿಜವಾದ ವೋಚರ್ ಒಂದನ್ನೂ ಮುಟ್ಟದ ಹುಡುಗಿಯರು ಎಷ್ಟು ಜನ ಇದ್ದಾರೆ? ವಾರಕ್ಕೆ ಒಂದೂವರೆ ಗಂಟೆಯಂತೆ ಇಬ್ಬರು ಕೂತರೆ ಒಂದು ಸೆಮಿಸ್ಟರಿನಲ್ಲಿ ಆ ಬೀರು ಖಾಲಿ. ಅಜ್ಜಿಗೆ ಸೇಬು ಕೊಟ್ಟ ಫೋಟೊದಷ್ಟು ಚಂದ ಕಾಣುವುದಿಲ್ಲ, ನಿಜ. ಆದರೆ ನಾನು ಕಂಡಂತೆ ಮೂರು ವರ್ಷವೂ ಬಿಡದೆ ಬಂದವರಲ್ಲಿ ಹೆಚ್ಚಿನವರು ಇಂಥ ಕೆಲಸ ಹಿಡಿದವರೇ. ಲೆಕ್ಕ ಬರೆಯಲು ಬಂದವಳು ನಾಲ್ಕನೇ ವಾರದ ಹೊತ್ತಿಗೆ ತಾನಾಗಿ ಅಜ್ಜಿಯರ ಹತ್ತಿರ ಹರಟೆಗೆ ಕೂತಿರುತ್ತಾಳೆ. ಮಾತಾಡಿಸಲೆಂದೇ ಬಂದವರಿಗೆ ಮೊದಲ ದಿನ "ಊಟ ಆಯ್ತಾ ಅಜ್ಜಿ?" ಆದ ಮೇಲೆ ಏನು ಮಾತಾಡಬೇಕೆಂದು ತಿಳಿಯುವುದಿಲ್ಲ.

ಎರಡನೆಯದು ಪಿಂಚಣಿ. 65 ದಾಟಿದವರಿಗೆ ಬರುವ ಸಂಧ್ಯಾ ಸುರಕ್ಷಾ ಹಣ ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತದೆ. ಜೋಡಣೆ ಎಲ್ಲೋ ತಪ್ಪಿದರೆ ಹಣ ನಿಲ್ಲುತ್ತದೆ. ಆಮೇಲೆ ನಾಡಕಚೇರಿಯವರು ಬ್ಯಾಂಕಿಗೆ ಹೋಗಿ ಅನ್ನುತ್ತಾರೆ, ಬ್ಯಾಂಕಿನವರು ಆಧಾರ್ ಕೇಂದ್ರಕ್ಕೆ ಹೋಗಿ ಅನ್ನುತ್ತಾರೆ. ಅಲ್ಲಿ ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತುವುದಿಲ್ಲ. ಮ್ಯಾನೇಜರರಿಗೆ ಈ ಸುತ್ತಾಟಕ್ಕೆ ಪುರುಸೊತ್ತಿಲ್ಲ. ಜೊತೆಗೆ ಹೋಗಿ, ಸರದಿಯಲ್ಲಿ ನಿಂತು, ಅರ್ಜಿ ತುಂಬಿ, ಕೌಂಟರಿನವರು ಏನು ಹೇಳಿದರು ಎಂಬುದನ್ನು ತಾರೀಖಿನ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಹುಡುಗನೊಬ್ಬ ಸಿಕ್ಕರೆ ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ. ಒಂದು ಗೆರೆ ಮಾತ್ರ ಮೊದಲ ದಿನವೇ ಎಳೆಯಿರಿ: ವಿದ್ಯಾರ್ಥಿ ಯಾರ ಒಟಿಪಿಯನ್ನೂ ಕೇಳಕೂಡದು, ಯಾರ ಹಣವನ್ನೂ ಮುಟ್ಟಕೂಡದು, ಪಾಸ್‌ಬುಕ್ಕನ್ನು ಮನೆಗೆ ಒಯ್ಯಕೂಡದು. ಒಳ್ಳೆಯ ಹುಡುಗನ ಮೇಲೆ ಸುಳ್ಳು ಅಪವಾದ ಬರುವುದಕ್ಕೆ ಐನೂರು ರೂಪಾಯಿಯ ಲೆಕ್ಕ ತಪ್ಪಿದರೆ ಸಾಕು.

ಆಶ್ರಮ ಒಂದಕ್ಕೇ ಅಂಟಿಕೊಳ್ಳಬೇಕಿಲ್ಲ. ಹಾಸ್ಟೆಲಿನ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆಯ ಗಣಿತ, ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಎಲ್ಲಿ, ರಕ್ತಪರೀಕ್ಷೆ ಎಲ್ಲಿ ಎಂದು ಹಳ್ಳಿಯಿಂದ ಬಂದವರಿಗೆ ದಾರಿ ತೋರಿಸುವುದು, ಅಂಧ ವಿದ್ಯಾರ್ಥಿಗಳಿಗಾಗಿ ಪಠ್ಯವನ್ನು ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿಕೊಡುವುದು, ಇವೆಲ್ಲ ನಿಮ್ಮ ಊರಿನಲ್ಲೇ ಇರುವ ಕೆಲಸಗಳು. ಕೊನೆಯದನ್ನು ಮನೆಯಲ್ಲೇ ಕೂತು ಮಾಡಬಹುದು, ಸಂಜೆ ಹೊರಗೆ ಬಿಡದ ಮನೆಯ ಹುಡುಗಿಯರಿಗೆ ಇದು ವರವಿದ್ದಂತೆ. ರಕ್ತದಾನ ಶಿಬಿರ ಹೇಗೂ ಮಾಡುತ್ತೀರಿ. 18 ತುಂಬಿರಬೇಕು, ತೂಕ 45 ಕಿಲೋಗೆ ಕಡಿಮೆ ಇರಬಾರದು, ಹಿಮೋಗ್ಲೋಬಿನ್ 12.5 ಇರಬೇಕು ಎಂಬ ನಿಯಮದಿಂದ ಎಷ್ಟೋ ಹುಡುಗಿಯರು ಮೇಜಿನ ತನಕ ಬಂದು ಮುಖ ಸಪ್ಪಗೆ ಮಾಡಿಕೊಂಡು ವಾಪಸಾಗುತ್ತಾರೆ. ಕೊಡಬೇಕೆಂದು ಬಂದ ಅವರ ಹೆಸರು ಬರೆದಿಟ್ಟುಕೊಳ್ಳಿ. ನಿಮ್ಮ ಮುಂದಿನ ಸ್ವಯಂಸೇವಕಿಯರು ಅವರೇ.

ಕೆಲಸ ಸಿಕ್ಕಿತು ಅಂದುಕೊಳ್ಳಿ. ಈಗ ಕರೆಯುವ ರೀತಿ. ನೋಟಿಸ್ ಬೋರ್ಡಿಗೆ ಅಂಟಿಸಿದ್ದು, ವಾಟ್ಸಾಪ್ ಗುಂಪಿಗೆ ಹಾಕಿದ್ದು ಯಾರಿಗೂ ತನ್ನನ್ನೇ ಕರೆದಂತೆ ಕೇಳುವುದಿಲ್ಲ. ಮದುವೆಗೆ ಹಾಗೆ ಕರೆದರೆ ನಾವೇ ಹೋಗುತ್ತೇವೆಯೇ? ಆ ಮೂವರನ್ನು ಸ್ಟಾಫ್ ರೂಮಿಗಲ್ಲ, ಕ್ಯಾಂಟೀನಿಗೆ ಕರೆದು ಎರಡನೇ ಸಲ ಯಾಕೆ ಬಂದಿರಿ ಎಂದು ಕೇಳಿ. ಒಬ್ಬಳು ತನ್ನ ಅಜ್ಜಿಯ ನೆನಪು ಹೇಳಬಹುದು. ಒಬ್ಬ "ಸುಮ್ನ ಬಂದೆ ರೀ ಮೇಡಂ" ಅನ್ನಬಹುದು, ಸುಮ್ಮನೆ ಬಂದವನನ್ನು ಹಗುರವಾಗಿ ಎಣಿಸಬೇಡಿ. ಅವರಿಗೆ ಹೇಳುವ ಮಾತು ಇಷ್ಟಿರಲಿ: ಮಂಗಳವಾರ ಮೂರೂವರೆಯಿಂದ ಐದು ಗಂಟೆ, ಇಬ್ಬರು, ರಸೀದಿ ಟ್ಯಾಲಿಗೆ ಹತ್ತಿಸುವುದು, ಆರು ವಾರ. ನಿಮ್ಮ ಗೆಳೆಯರಲ್ಲಿ ಇದಕ್ಕೆ ಯಾರು ಸರಿ? ಎರಡನೆಯ ಹೆಸರನ್ನು ಅವರೇ ತರಲಿ. ನೀವು ಆರಿಸಿದ ಜೋಡಿಗಿಂತ ಅವರೇ ಕಟ್ಟಿಕೊಂಡ ಜೋಡಿ ಹೆಚ್ಚು ಬಾಳುತ್ತದೆ.

ಆರೇ ವಾರ ಯಾಕೆಂದರೆ, ಕೊನೆ ಕಾಣದ ಮಾತಿಗೆ ಬಡಮನೆಯ ವಿದ್ಯಾರ್ಥಿ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ನಿಮ್ಮ ಭಾಗದಲ್ಲಿ ಹತ್ತಿ ಬಿಡಿಸುವ, ಬ್ಯಾಡಗಿ ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ಅರ್ಧ ತರಗತಿ ಹೊಲದಲ್ಲಿರುತ್ತದೆ. ಉಳಿದವರಲ್ಲಿ ಒಬ್ಬ ಪೆಟ್ರೋಲ್ ಬಂಕಿನಲ್ಲಿ, ಒಬ್ಬ ಕ್ಯಾಟರಿಂಗಿನವರ ಜೊತೆ. ಇವರನ್ನು ನಿಲ್ಲಿಸಿ "ಸಮಾಜಕ್ಕೆ ಏನಾದರೂ ಕೊಡಿ" ಎಂದು ಭಾಷಣ ಬಿಗಿಯುವ ಅತಿಥಿಗಳನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆ ಹುಡುಗ ದುಡಿದು ತಂಗಿಯ ಫೀಸು ಕಟ್ಟಿ ಬಂದಿರುತ್ತಾನೆ. ಅವನಿಗೆ ಎರಡು ವಾರಕ್ಕೊಮ್ಮೆ ಬರುವ ಕೆಲಸ ಕೊಡಿ, ಇಲ್ಲವೇ ಬಿಟ್ಟುಬಿಡಿ.

ಬಸ್ಸಿನ ಲೆಕ್ಕವನ್ನೂ ಹಾಕಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರು ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದೊಳಗೆ ಎಲ್ಲಿಗೂ ದುಡ್ಡಿಲ್ಲದೆ ಹೋಗಬಹುದು. ಹುಡುಗರ ವಿದ್ಯಾರ್ಥಿ ಪಾಸು ಮನೆ ಮತ್ತು ಕಾಲೇಜಿನ ದಾರಿಗೆ ಮಾತ್ರ. ಊರಾಚೆಯ ಆಶ್ರಮಕ್ಕೆ ಹುಡುಗರು ಬರಲಿಲ್ಲವೆಂದು ಬೈಯುವ ಮೊದಲು ಟಿಕೆಟಿನ ದುಡ್ಡು ಯಾರು ಕೊಡುತ್ತಾರೆಂದು ಕೇಳಿಕೊಳ್ಳಿ. ಹುಡುಗಿಯರಿಗೆ ದುಡ್ಡಿನದಲ್ಲ, ಕೊನೆಯ ಬಸ್ಸಿನ ಚಿಂತೆ. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು. ಮೊದಲ ವಾರ ನೀವೇ ಅವರ ಅಪ್ಪ ಅಮ್ಮನಿಗೆ ಫೋನ್ ಮಾಡಿ ಎಲ್ಲಿ, ಯಾರ ಜೊತೆ, ಎಷ್ಟು ಗಂಟೆಗೆ ವಾಪಸು ಎಂದು ಹೇಳಿಬಿಡಿ. ಹತ್ತು ನಿಮಿಷದ ಆ ಒಂದು ಮಾತು ಆರು ವಾರ ನಡೆಯುತ್ತದೆ.

ಈಗ ಪ್ರಿನ್ಸಿಪಾಲರ ಸಲಹೆಗೆ ಬರೋಣ. ಕಡ್ಡಾಯ ಮಾಡುವುದು ಹೊಸ ಯೋಚನೆಯಲ್ಲ. ಪದವಿಗೆ ಸೇರುವ ಮೊದಲು ಒಂಬತ್ತು ತಿಂಗಳಿಂದ ಒಂದು ವರ್ಷ ರಾಷ್ಟ್ರಸೇವೆ ಕಡ್ಡಾಯವಾಗಲಿ ಎಂದು 1959ರಲ್ಲಿ ಸಿ.ಡಿ. ದೇಶಮುಖ್ ಸಮಿತಿಯೇ ಹೇಳಿತ್ತು. ಹಣಕ್ಕೂ ವ್ಯವಸ್ಥೆಗೂ ಹೆದರಿ ಸರ್ಕಾರ ಕೈಬಿಟ್ಟಿತು. ಆಮೇಲೆ ಹಲವು ದೇಶಗಳ ಪದ್ಧತಿ ನೋಡಿಬಂದ ಶಿಕ್ಷಣ ತಜ್ಞ ಕೆ.ಜಿ. ಸೈಯದೈನ್, ಇದು ಸ್ವಇಚ್ಛೆಯಿಂದಲೇ ನಡೆಯಲಿ ಎಂದು ವರದಿ ಕೊಟ್ಟರು. ಹತ್ತು ವರ್ಷದ ಚರ್ಚೆ ಮುಗಿದು 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಎನ್.ಎಸ್.ಎಸ್. ಶುರುವಾಯಿತು. ಶುರುಮಾಡಿದ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್, ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಹೋದವರು. ಹತ್ತು ವರ್ಷ ತಲೆಕೆಡಿಸಿಕೊಂಡು ಬೇಡವೆಂದು ಬಿಟ್ಟದ್ದನ್ನು ಒಂದು ಸ್ಟಾಫ್ ಮೀಟಿಂಗಿನಲ್ಲಿ ಮತ್ತೆ ತರಬೇಕೇ ಎಂದು ಪ್ರಿನ್ಸಿಪಾಲರನ್ನು ನಗುನಗುತ್ತಲೇ ಕೇಳಿ ನೋಡಿ.

ಅಂಕ ಕೊಡಲೇಬಾರದು ಎಂಬ ಹಟ ನನಗಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ವಿ.ಟಿ.ಯು. (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಮಾಜಸೇವೆಯಂಥ ಕೆಲಸಗಳಿಗೆ 100 ಆ್ಯಕ್ಟಿವಿಟಿ ಪಾಯಿಂಟ್ ಇಟ್ಟಿದೆ. ಅದರ ದೆಸೆಯಿಂದ ನಮ್ಮ ಟ್ರಸ್ಟಿನ ಬಾಗಿಲಿಗೆ ಹುಡುಗರು ಬರುತ್ತಾರೆ. ಹತ್ತರಲ್ಲಿ ಏಳು ಜನ ಮೊದಲು ಕೇಳುವುದು ಸೀಲು, ಸಹಿ. ಆದರೆ ಪಾಯಿಂಟ್ ಮುಗಿದ ಮೇಲೂ ಬರುತ್ತಿರುವ ಒಬ್ಬ ಹುಡುಗ ನಮ್ಮ ಕಂಪ್ಯೂಟರುಗಳನ್ನೆಲ್ಲ ರಿಪೇರಿ ಮಾಡಿ ಇಟ್ಟಿದ್ದಾನೆ. ಅಂಕದ ಆಸೆಗೆ ಬಾಗಿಲು ದಾಟಿದವನಿಗೆ ಒಳಗೆ ಕೆಲಸ ಕಂಡಿತು, ಉಳಿದ. ಕಾಣದವರು ಸಹಿ ಹಾಕಿಸಿಕೊಂಡು ಹೋದರು. ಸಹಿ ಮಾಡಿಕೊಟ್ಟ ಪಾಪದಲ್ಲಿ ನನಗೂ ಪಾಲಿದೆ.

ನಿಮಗೆ ಹೊಸ ಅನುಮತಿಯೂ ಬೇಕಿಲ್ಲ. ಎನ್.ಎಸ್.ಎಸ್. ಲೆಕ್ಕದಲ್ಲಿ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240. ಆ ಗಂಟೆಗಳನ್ನು ಕ್ಯಾಂಪಸ್ಸಿನ ಕಸ ಗುಡಿಸುವುದರಲ್ಲೇ ಕಳೆಯಬೇಕೆಂದು ಎಲ್ಲೂ ಬರೆದಿಲ್ಲ. ಮಹಿಳೆಯರು, ಮಕ್ಕಳು, ವೃದ್ಧರು, ಅಂಗವಿಕಲರಿಗಾಗಿ ದುಡಿಯುವ ಸಂಸ್ಥೆಗಳಿಗೆ ವಿದ್ಯಾರ್ಥಿಗಳನ್ನು ನಿಯೋಜಿಸಬಹುದು ಎಂದು ಕೈಪಿಡಿಯಲ್ಲೇ ಇದೆ. ಒಂದು ಘಟಕವೆಂದರೆ 100 ಜನ. ಅಷ್ಟೂ ಜನರನ್ನು ಆಶ್ರಮಕ್ಕೆ ಕಳಿಸಬೇಕಿಲ್ಲ, ಹತ್ತೇ ಜನ ನಿಯಮಿತವಾಗಿ ಹೋದರೆ ನಾನು ನಿಮ್ಮ ಬೆನ್ನು ತಟ್ಟುತ್ತೇನೆ. ಸಂಖ್ಯೆ ಸಣ್ಣದಾಯಿತೆಂದು ಯಾರಾದರೂ ಗೊಣಗಿದರೆ ಮೈಸೂರಿನ ಕಥೆ ಹೇಳಿ. 1984ರಲ್ಲಿ ಅಲ್ಲಿನ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಬಾಲಸುಬ್ರಹ್ಮಣ್ಯಂ ಮತ್ತು ಒಂದಿಷ್ಟು ಗೆಳೆಯರು ಬಡ ರೋಗಿಗಳಿಗೆ ಔಷಧಿ, ರಕ್ತ ಹೊಂದಿಸಿಕೊಡುವುದರಿಂದ ಆರಂಭಿಸಿದ್ದು. ಅದೇ ಮುಂದೆ ಹೆಗ್ಗಡದೇವನಕೋಟೆಯ ಕಾಡಂಚಿನ ಆದಿವಾಸಿಗಳ ನಡುವೆ ಆಸ್ಪತ್ರೆ, ಶಾಲೆ ನಡೆಸುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆಯಿತು.

ಒಂದು ವಿಷಯವನ್ನು ಮಾತ್ರ ಯಾವ ಕೈಪಿಡಿಯೂ ಹೇಳುವುದಿಲ್ಲ, ನನಗೆ ಪೆಟ್ಟು ಬಿದ್ದು ತಿಳಿದದ್ದು. ಬಿ.ಎ. ಎರಡನೇ ವರ್ಷದ ಹುಡುಗಿಯೊಬ್ಬಳು ಗುರುವಾರ ಗುರುವಾರ ಬಂದು ಒಬ್ಬ ಅಜ್ಜಿಗೆ ಪೇಪರ್ ಓದಿ ಹೇಳುತ್ತಿದ್ದಳು. ಅಜ್ಜಿಗೆ ರಾಜಕೀಯ ಬೇಡ, ಚಿನ್ನದ ಧಾರಣೆ ಮತ್ತು ರಾಶಿಭವಿಷ್ಯ ಬೇಕು. ನಾಲ್ಕು ತಿಂಗಳು ತಪ್ಪಲಿಲ್ಲ. ಒಂದು ಗುರುವಾರ ಬಂದರೆ ಮಂಚ ಖಾಲಿ, ಹಾಸಿಗೆ ಮಡಚಿ ಬಿಸಿಲಿಗೆ ಇಟ್ಟಿತ್ತು. ತೀರಿಕೊಂಡು ನಾಲ್ಕು ದಿನವಾಗಿತ್ತು, ಆಕೆಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನು. ಪೇಪರನ್ನು ಕಟ್ಟೆಯ ಮೇಲಿಟ್ಟು ಹೋದವಳು ಮತ್ತೆ ಬರಲಿಲ್ಲ. ಅಂದಿನಿಂದ ವೃದ್ಧಾಶ್ರಮಕ್ಕೆ ಕಳಿಸುವ ಮೊದಲ ದಿನವೇ ಸಾವಿನ ಮಾತೂ ಆಡುತ್ತೇನೆ. ಯಾರಾದರೂ ಹೋದರೆ ಅದೇ ದಿನ ವಿದ್ಯಾರ್ಥಿಗೆ ಫೋನ್ ಹೋಗಬೇಕು, ಬೇಕೆಂದರೆ ಮಣ್ಣಿಗೂ ಬರಬಹುದು. ಪ್ರತಿ ಭೇಟಿಯ ನಂತರ ಕಾಲು ಗಂಟೆ ಅವರ ಜೊತೆ ಕೂತು ಚಹಾ ಕುಡಿಯಿರಿ. ಏನು ಕಲಿತಿರಿ ಎಂಬ ಮೇಷ್ಟರ ಪ್ರಶ್ನೆ ಬೇಡ. ಇವತ್ತು ಏನು ಬೇಜಾರಾಯಿತು ಎಂದು ಕೇಳಿ, ಮಾತು ತಾನೇ ಹೊರಗೆ ಬರುತ್ತದೆ.

ಮಕ್ಕಳ ಸಂಸ್ಥೆಗಳಿಗೆ ಕಳಿಸುವುದಾದರೆ ಎಚ್ಚರ ಇನ್ನೂ ಹೆಚ್ಚು. ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಕೂಡದು, ಫೋನ್ ನಂಬರ್ ಕೊಡುವುದು ತೆಗೆದುಕೊಳ್ಳುವುದು ಬೇಡ. ಫೋಟೊ ಬೇಡವೇ ಬೇಡ: ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವಿನ ಗುರುತು ಬಯಲು ಮಾಡುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಂತೆ ಅಪರಾಧ. ಸ್ಟೇಟಸ್ಸಿಗೆ ಹಾಕಿದ ಒಂದು ಸೆಲ್ಫಿ ಸಾಕು. ಬ್ಯಾನರನ್ನು ಕಾಲೇಜಿನಲ್ಲೇ ಬಿಟ್ಟು ಹೋಗಿ.

ಇನ್ನೊಂದು, ನಿಮ್ಮ ಪತ್ರದಲ್ಲಿಲ್ಲ, ಆದರೆ ನಿಮ್ಮ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಸಣ್ಣ ಊರಿನಲ್ಲಿ ಪ್ರತಿ ಸಂಸ್ಥೆಯೂ "ಅದು ಅವರದು" ಎಂದೇ ಗುರುತಾಗಿರುತ್ತದೆ, ಯಾವ ಮಠದ್ದು, ಯಾವ ಸಮಾಜದ್ದು, ಯಾವ ಪಕ್ಷದವರದು ಎಂದು. ಯಾವ ಹುಡುಗ ಯಾವ ಬಾಗಿಲು ದಾಟಲು ಹಿಂಜರಿಯುತ್ತಾನೆ, ಅಡುಗೆಮನೆಗೆ ಯಾರನ್ನು ಬಿಡುತ್ತಾರೆ, ಯಾರನ್ನು ಅಂಗಳದಲ್ಲೇ ಕೂರಿಸುತ್ತಾರೆ ಎಂಬುದನ್ನು ನೀವು ಆ ಮಂಗಳವಾರ ಕಣ್ಣಾರೆ ನೋಡಿಕೊಳ್ಳಬೇಕು. ಅಂಗಳದಲ್ಲೇ ಕೂರಿಸುವ ಕಡೆಗೆ ಯಾರನ್ನೂ ಕಳಿಸಬೇಡಿ. ಎರಡು ಮೂರು ಕಡೆ ಕೆಲಸ ಹೊಂದಿಸಿ, ಒಂದಾದರೂ ಸರ್ಕಾರಿ ಆಸ್ಪತ್ರೆಯೋ ಹಾಸ್ಟೆಲ್ಲೋ ಆಗಿರಲಿ. ಆರಿಸುವ ಹಕ್ಕು ವಿದ್ಯಾರ್ಥಿಗಿರಲಿ.

ಪ್ರಮಾಣಪತ್ರವನ್ನು ಮೊದಲ ದಿನ ಬಾಯಿಗೇ ತರಬೇಡಿ. ಕೊಡುವಾಗ "ಸಕ್ರಿಯವಾಗಿ ಪಾಲ್ಗೊಂಡಿದ್ದಾರೆ" ಎಂಬ ಸವಕಲು ಸಾಲಿನ ಬದಲು "ಎಷ್ಟು ರಸೀದಿಗಳನ್ನು ಎಷ್ಟು ವಾರಗಳಲ್ಲಿ ಟ್ಯಾಲಿಗೆ ಏರಿಸಿದ್ದಾರೆ" ಎಂದು ಮ್ಯಾನೇಜರರ ಕೈಯಲ್ಲೇ ಬರೆಯಿಸಿ. ನಾಳೆ ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಸಂದರ್ಶನದಲ್ಲೋ ಆಡಿಟರ್ ಕಚೇರಿಯಲ್ಲೋ ಆ ಒಂದು ಸಾಲಿನ ಬಗ್ಗೆಯೇ ಪ್ರಶ್ನೆ ಕೇಳುತ್ತಾರೆ, ಅವಳ ಬಳಿ ಉತ್ತರವಿರುತ್ತದೆ.

ಸದ್ಯಕ್ಕೆ ಮ್ಯಾನೇಜರರಿಗೆ ಫೋನ್ ಮಾಡಿ, "ಹುಡುಗರನ್ನ ಕರಕೊಂಡು ಬರೂದಿಲ್ರಿ, ನಾನೊಬ್ಬಾಕೀನ ಬರ್ತೀನಿ" ಅನ್ನಿ. ಹಣ್ಣು ಬೇಕಾದರೆ ಒಯ್ಯಿರಿ. ಯಾರ್ಯಾರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಫೋನಿನಲ್ಲೇ ಕೇಳಿಕೊಂಡು.